ಮಾವನ ಹಲಗೆಯ ಹನ್ನೆರಡನೆಯ ಜಾಗ

ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಇದ್ದು ಒಂದು ದಿನವೂ ನೆಲ ಬಿಟ್ಟು ಮೇಲೇಳದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಾಣಬೇಕೆಂದರೆ ತೆರಕಣಾಂಬಿಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ. ಆದರೆ ಒಂದು ಎಚ್ಚರಿಕೆ! ಅವರ ಮನೆಯಲ್ಲಿ ಉಪ್ಪಿಟ್ಟು ತಿಂದರೆ ಚಮಚವನ್ನು ತಟ್ಟೆಯಲ್ಲೇ ಬಿಡಿ. ಅದೇನಾದರೂ ಸೋಫಾ ಸಂದಿಗೆ ಜಾರಿತೋ, ಸಿಗುವ ತನಕ ನಿಮಗೆ ಬಿಡುಗಡೆಯಿಲ್ಲ. ನಮ್ಮ ದೊಡ್ಡಪ್ಪ ಒಮ್ಮೆ ಹೀಗೆ ಚಮಚದ ದೆಸೆಯಿಂದ ಗುಂಡ್ಲುಪೇಟೆಯ ಮೂರು ಬಸ್ಸು ತಪ್ಪಿಸಿಕೊಂಡು, ಕೊನೆಗೆ ತಮ್ಮ ಜುಬ್ಬಾದ ಜೇಬಿನಲ್ಲೇ ಅದನ್ನು ಪತ್ತೆ ಮಾಡಿದರು. ಅಂದಿನಿಂದ ಅವರು ಆ ಮನೆಯಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನುವುದಿಲ್ಲ.

ಮಾವ ವಿಮಾನ ಹಾರಿಸುವವರಲ್ಲ, ಅದು ನೆಟ್ಟಗೆ ಹಾರುವ ಹಾಗೆ ನೋಡಿಕೊಳ್ಳುತ್ತಿದ್ದ ಫಿಟ್ಟರ್. ಯುದ್ಧವಿಮಾನದ ಹೊಟ್ಟೆ ಬಿಚ್ಚಿ, ರಿಪೇರಿ ಮಾಡಿ, ಮುಚ್ಚುವುದು ಅವರ ಕೆಲಸ. ಮುಚ್ಚುವ ಮೊದಲು ಉಪಕರಣಗಳನ್ನೆಲ್ಲ ಎಣಿಸಲೇಬೇಕು. ಒಂದು ಸ್ಪ್ಯಾನರ್ ಒಳಗೇ ಉಳಿದರೆ ಸಾಕು, ಮೇಲೆ ಹೋದಾಗ ಅದು ಎಲ್ಲೋ ಸಿಕ್ಕಿಕೊಂಡು ವಿಮಾನವನ್ನೇ ಕೆಳಗಿಳಿಸೀತು. ಅದಕ್ಕಾಗಿ ಅಲ್ಲೊಂದು ಹಲಗೆ ಇರುತ್ತಿತ್ತಂತೆ. ಹಲಗೆಯ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ. ಸಾಮಾನು ವಾಪಸ್ ಬಂದು ಅದರದರ ಜಾಗದಲ್ಲಿ ತೂಗಿದರೆ ಕೆಂಪು ಮುಚ್ಚಿಹೋಗುತ್ತದೆ. ಕೆಂಪು ಕಂಡಿತೋ, ಏನೋ ಕಳೆದಿದೆ ಎಂದೇ ಲೆಕ್ಕ.

ನಿವೃತ್ತರಾಗಿ ಬಂದ ಮಾವ ಸರಕಾರದ ಸಾಮಾನನ್ನೆಲ್ಲ ಸರಕಾರಕ್ಕೆ ಒಪ್ಪಿಸಿ, ಹಲಗೆಯ ಹುಚ್ಚನ್ನು ಮಾತ್ರ ತಲೆಯಲ್ಲಿ ಹೊತ್ತು ತಂದರು. ಬಂದ ವಾರದಲ್ಲೇ ಅಡುಗೆಮನೆಯ ಗೋಡೆಗೆ ಒಂದು ಬಿಳಿಯ ಹಲಗೆ ಬಡಿದರು. ಅದರ ಮೇಲೆ ಸೌಟು, ಜಾಲರಿ, ಇಕ್ಕಳ, ಮುದ್ದೆ ತಿರುವುವ ಕೋಲು, ಎಲ್ಲದರ ಆಕಾರವೂ ಕೆಂಪು ಬಣ್ಣದಲ್ಲಿ ಮೂಡಿತು. ಒಟ್ಟು ಹನ್ನೆರಡು ಆಕಾರ, ಆದರೆ ತೂಗುತ್ತಿದ್ದ ಸಾಮಾನು ಹನ್ನೊಂದೇ. ಹನ್ನೆರಡನೆಯದು ಗೇಣುದ್ದದ ಸಪೂರ ಆಕಾರ, ಒಂದು ತುದಿಯಲ್ಲಿ ಮಾತ್ರ ಸ್ವಲ್ಪ ದಪ್ಪ. ಅದಕ್ಕೆ ಹೊಂದುವ ಸಾಮಾನು ಯಾವ ಅಡುಗೆಮನೆಯಲ್ಲೂ ಇರಲಾರದು.

ನಾನು ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ ಅತ್ತೆಯನ್ನು ಕೇಳಿದ್ದೆ, "ಅತ್ತೆ, ಅದ್ಯಾವುದರ ಜಾಗ?"

ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತ ಹೇಳಿದರು, "ಅದಾ? ನಿನ್ ಮಾವನ ಮೊದಲ್ನೇ ಎಂಡ್ತಿದು ಕಣಮ್ಮಿ. ಎಲ್ಲೋ ತಪ್ಪುಸ್ಕೊಂಡು ಓಗ್ಬುಟ್ಟವ್ಳೆ!"

ನಾನು ನಂಬಿದೆ! ಆ ಸಪೂರ ಹೆಂಗಸು ಎಲ್ಲಾದರೂ ಕಾಣಬಹುದೆಂದು ಅವರ ಫೋಟೊ ಆಲ್ಬಮ್ಮನ್ನು ಎರಡು ಸಲ ತಿರುವಿ ಹಾಕಿದ್ದೆ.

ಅತ್ತೆಯ ಬಾಯಿ ಹಾಗೆ. ಆದರೂ ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಒಂದು ವಿಧಿ ನಡೆಯುತ್ತಿತ್ತು. ಮಾವ ಅಡುಗೆಮನೆಯ ಬಾಗಿಲಲ್ಲಿ ಅಟೆನ್ಷನ್ನಿನಲ್ಲಿ ನಿಂತು "ಎಷ್ಟು?" ಅನ್ನುವರು. ಅತ್ತೆ ಹಲಗೆಯತ್ತ ತಿರುಗಿಯೂ ನೋಡದೆ "ಹನ್ನೊಂದು" ಅನ್ನುವರು. ಮಾವ ಆ ಖಾಲಿ ಜಾಗವನ್ನು ನೋಡುತ್ತ ಒಂದು ಗಳಿಗೆ ಸುಮ್ಮನೆ ನಿಲ್ಲುವರು. ಆಗ ಅತ್ತೆ, "ನಾಳೆ ಉಡುಕನ ಬುಡಿ, ಊಟುಕ್ ಬನ್ನಿ" ಅನ್ನುವರು. ಪ್ರತಿದಿನವೂ ಇದೇ! ರಜೆಯಲ್ಲಿ ಹೋದ ಮಕ್ಕಳೆಲ್ಲ ಇದನ್ನು ಅವರಿಬ್ಬರ ತಮಾಷೆಯೆಂದುಕೊಂಡು, ಹಿತ್ತಲಲ್ಲಿ ಅದನ್ನೇ ಆಟ ಆಡುತ್ತಿದ್ದೆವು.

ಒಂದು ಸಲ ಮಾತ್ರ ಅತ್ತೆ ಆ ಜಾಗದ ಮೊಳೆಗೆ ಟೀ ಸೋಸುವ ಜಾಲರಿ ತೂಗುಹಾಕಿದರು. ಹೊಸ ಜಾಲರಿ, ಎಲ್ಲಾದರೂ ತೂಗಬೇಕಲ್ಲ! ಮಾವ ಬೈಯಲಿಲ್ಲ, ಕೂಗಾಡಲಿಲ್ಲ. ಜಾಲರಿ ತೆಗೆದು ಕೆಳಗಿಟ್ಟು, ಆ ದಿನ ಊಟ ಬಿಟ್ಟರು. ಅತ್ತೆಯೂ ಬಿಟ್ಟರು. ಮಾಡಿಟ್ಟ ಅವರೆಕಾಳು ಸಾರನ್ನು ನಾನೊಬ್ಬಳೇ ಉಂಡೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮನೆಯ ಹೊರಗೂ ಮಾವನ ಸೇನೆಯ ಅಭ್ಯಾಸ ನಿಂತಿರಲಿಲ್ಲ. ಬಸ್ ಹತ್ತುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರಗಳನ್ನು ಮುಟ್ಟಿ ನೋಡಿಯೇ ಹತ್ತುವರು. ಒಮ್ಮೆ ಒಂದು ಖಾಸಗಿ ಬಸ್ಸಿನ ಡ್ರೈವರ್ ತಾಳ್ಮೆಗೆಟ್ಟು, "ಯಜಮಾನ್ರೆ, ಇದು ಗುಂಡ್ಲುಪೇಟ್ಗೆ ಓಗೋ ಬಸ್ಸು, ಚಂದ್ರಲೋಕಕ್ಕಲ್ಲ. ಅತ್ತಿ ಮೇಲಕ್ಕೆ!" ಎಂದ. ಮಾವ ಹಿಂದಿನ ಚಕ್ರದಿಂದ ಒಂದು ನಟ್ಟನ್ನು ಬೆರಳಲ್ಲೇ ಬಿಚ್ಚಿ ತಂದು ಅವನ ಅಂಗೈಗೆ ಇಟ್ಟರು. ಆಮೇಲಾಮೇಲೆ ಆ ಡ್ರೈವರ್ ಮಾವ ಪ್ರದಕ್ಷಿಣೆ ಮುಗಿಸುವ ತನಕ ಸ್ಟಾರ್ಟ್ ಮಾಡುತ್ತಲೇ ಇರಲಿಲ್ಲ.

ಮೇಲೆ ವಿಮಾನದ ಸದ್ದಾದರಂತೂ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಅಂಗಳಕ್ಕೆ ಬಂದು, ಹಣೆಗೆ ಕೈ ಅಡ್ಡವಿಟ್ಟು, ಗೋಪಾಲಸ್ವಾಮಿ ಬೆಟ್ಟದ ಕಡೆ ಅದು ಚುಕ್ಕೆಯಾಗುವವರೆಗೂ ನೋಡುವರು. ನೋಡಿ ಮುಗಿಯಿತೇ? ಇಲ್ಲ! ಅದು ವಾಪಸ್ ಬರಬೇಕೆಂದು ಜಗುಲಿಯಲ್ಲಿ ಕಾಯುವರು.

"ಅವು ಕೊಚ್ಚಿಗೋ ದುಬೈಗೋ ಓಗವು ಕಣ್ರೀ," ಅತ್ತೆ ಒಳಗಿನಿಂದ ಕೂಗುವರು. "ನಿಮ್ಮ ಮೊಖ ನೋಡಕೆ ಯಾಕ್ ವಾಪಸ್ ಬತ್ತವೆ?"

"ಎಷ್ಟು ಓದ್ವೋ ಅಷ್ಟೂ ಬರ್ಬೇಕು ಕಣೆ" ಎಂದು ಮಾವ ಕಾಯುತ್ತಲೇ ಇರುವರು.

ನನ್ನ ಮದುವೆಯ ಕತೆ ಹೇಳದೆ ಇರಲಾರೆ. ಚಾಮರಾಜನಗರದ ಛತ್ರ. ಅಡುಗೆಯವರ ಸಾಮಾನಿಗೆ ಮಾವನೇ ಸ್ವಯಂ ನೇಮಿತ ಅಧಿಕಾರಿ. ಮೊದಲ ಪಂಕ್ತಿ ಎದ್ದು, ಎರಡನೆಯದಕ್ಕೆ ಎಲೆ ಹಾಕುವ ಹೊತ್ತಿಗೆ ತರಕಾರಿ ಹೆಚ್ಚುವ ಒಂದು ಚಾಕು ಕಡಿಮೆ ಬಂತು. "ಯಾರೂ ಬಡಿಸ್ಬೇಡಿ!" ಎಂದು ಮಾವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ಸಾಂಬಾರಿನ ಹಂಡೆ, ಪಾಯಸದ ಕೊಳಗ, ಪಲ್ಯದ ಬುಟ್ಟಿ, ಎಲ್ಲದರಲ್ಲೂ ಸೌಟು ಆಡಿಸಿ ಶೋಧನೆ ನಡೆಯಿತು. ಗಂಡಿನ ಕಡೆಯವರು ಎಲೆಯ ಮುಂದೆ ಕೂತು ಉಪ್ಪನ್ನೇ ನೆಕ್ಕುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಚಾಕು ಸಿಕ್ಕಿತು. ಎಲ್ಲಿ? ಅಡುಗೆಭಟ್ಟರ ಸೊಂಟದಲ್ಲಿ!

ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು. ನಗದೇ ಇದ್ದವರು ಮಾವ ಒಬ್ಬರೇ. ಅವರು ಒಂದು ಅಕ್ಕಿ ಮೂಟೆಯ ಮೇಲೆ ಕುಸಿದು ಕೂತು, "ಸಿಕ್ತಲ್ಲ, ಸಿಕ್ತಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ಒಲೆಯ ಹೊಗೆ ಇರಬೇಕೆಂದು ನಾನು ಹಸೆಮಣೆಗೆ ವಾಪಸಾದೆ.

ಈಗ ಹೋದ ವರ್ಷದ ಮಾತಿಗೆ ಬರುತ್ತೇನೆ. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ದಾರಿಯಲ್ಲಿ ಒಂದು ಕಾಲೇಜಿದೆ, ಅದರ ಮುಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಹಳೆಯ ಯುದ್ಧವಿಮಾನವಿದೆ. ಎಷ್ಟೋ ವರ್ಷದ ಹಿಂದೆ ಮಕ್ಕಳಿಗೆ ಸ್ಫೂರ್ತಿಯಾಗಲೆಂದು ತಂದು ನಿಲ್ಲಿಸಿದ್ದು. ಸ್ಫೂರ್ತಿ ಸಿಕ್ಕಿದ್ದು ಪಾರಿವಾಳಗಳಿಗೆ, ಅದರ ಮೂತಿಯೊಳಗೆ ಮೂರು ತಲೆಮಾರು ಸಂಸಾರ ಹೂಡಿದ್ದವು. ಅದನ್ನು ತೆಗೆಸಿ ಆ ಜಾಗದಲ್ಲಿ ಬೈಕ್ ನಿಲ್ಲಿಸಲು ಶೆಡ್ ಕಟ್ಟುತ್ತಾರಂತೆ ಎಂಬ ಸುದ್ದಿಯನ್ನು ನಾನು ಫೋನಿನಲ್ಲಿ ಮಾವನಿಗೆ ಹೇಳಿ ಕೆಟ್ಟೆ.

ಮರುದಿನದಿಂದ ಪತ್ರ ಶುರು. "ವಿಷಯ: ತಮ್ಮ ವಿಮಾನದ ಆರೋಗ್ಯದ ಬಗ್ಗೆ." ಹತ್ತು ಪತ್ರ ಹೋದವು, ಒಂದಕ್ಕೂ ಉತ್ತರವಿಲ್ಲ. ಹನ್ನೊಂದನೆಯ ಪತ್ರವನ್ನು ಮಾವ ತಾವೇ ಹಿಡಿದುಕೊಂಡು ಬಂದರು. ಪ್ರಿನ್ಸಿಪಾಲರು ಒಳ್ಳೆಯವರೇ, ಸ್ವಲ್ಪ ಸುಸ್ತಾದವರು.

"ಪೂರ್ತಿ ತುಕ್ಕು ಹಿಡಿದಿದೆ ಯಜಮಾನರೇ. ಮಕ್ಕಳ ಮೇಲೆ ಬಿದ್ದರೆ ಯಾರು ಹೊಣೆ?"

"ಅದು ಅಲ್ಯೂಮಿನಿಯಂ ಸಾರ್, ತುಕ್ಕಿಡಿಯಲ್ಲ. ತುಕ್ಕಿಡ್ದಿರೋದು ನಿಮ್ ಸ್ಟ್ಯಾಂಡು!"

ಪ್ರಿನ್ಸಿಪಾಲರು ನಕ್ಕುಬಿಟ್ಟರು. ಕೊನೆಗೆ ಒಂದು ಒಪ್ಪಂದವಾಯಿತು. ತೆಗೆಯುವುದು ಹೇಗೂ ತೆಗೆಯುವುದೇ, ಅದಕ್ಕೆ ಮುಂಚೆ ಮಾವ ಒಂದು ದಿನ ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಲಿ ಎಂದು. "ನಾಲ್ಕು ಮಾತಲ್ಲಿ ಅದನ್ನ ಉಳಿಸ್ಬೇಕಲ್ಲಮ್ಮಿ" ಎಂದು ಮಾವ ಬಸ್ ಸ್ಟ್ಯಾಂಡಿನವರೆಗೂ ಗೊಣಗುತ್ತ ಬಂದರು.

ಆ ದಿನ ಮಾವ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದರು. ಅತ್ತೆಯೂ ಜೊತೆಗೆ ಬಂದಿದ್ದರು, ಪೇಟೆಯಲ್ಲಿ ಸ್ಟೀಲ್ ಡಬ್ಬಿ ತಗೊಳ್ಳುವುದಿದೆ ಎಂಬ ನೆಪ ಹೇಳಿಕೊಂಡು. ವಿಮಾನದ ನೆರಳಲ್ಲಿ ಮಕ್ಕಳು ಕೂತರು. ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಮಾವ ರೆಕ್ಕೆ, ಬಾಲ, ಎಂಜಿನ್ ಎಲ್ಲ ಹೇಳಿ, ಎಣಿಕೆಗೆ ಬಂದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು, "ಒಂದು ಸ್ಕ್ರೂಡ್ರೈವರ್ ಕಳೆದರೆ ಅಷ್ಟೊಂದಾ ಸಾರ್?"

ಮಾವ ಪಾಠದ ದನಿ ಬಿಟ್ಟು ಮನೆಯ ದನಿಯಲ್ಲಿ ಶುರುಮಾಡಿದರು.

"ನಂಗಾಗ ಇಪ್ಪತ್ತೊಂದು ವರ್ಷ ಕಣಮ್ಮಿ. ಯುದ್ಧದ ಟೈಮು. ನಾನು ನೋಡ್ಕೋತಿದ್ದ ವಿಮಾನದ ಪೈಲಟ್ಟು ಪಂಜಾಬ್ನೋರು. ನನ್ನೆಸ್ರು ಬಾಯ್ಗೆ ಬರ್ದೆ ಗುಂಡ್ಲುಪೇಟ್ ಅಂತ್ಲೇ ಕರೀತಿದ್ರು. ಯುದ್ಧ ಮುಗೀಲಿ ಗುಂಡ್ಲುಪೇಟ್, ಎರಡ್ ಸೀಟಿನ್ ವಿಮಾನದಲ್ಲಿ ನಿನ್ನ ಒಂದ್ ರೌಂಡ್ ಕರ್ಕೊಂಡೋಯ್ತೀನಿ ಅಂದಿದ್ರು. ಒಂದಿನ ಬೆಳಗ್ಗೆ ಕೆಲ್ಸ ಮುಗ್ಸಿ ಎಣಿಸ್ತೀನಿ, ಹನ್ನೊಂದೇ ಅದೆ! ಸ್ಕ್ರೂಡ್ರೈವರ್ ಇಲ್ಲ. ಎಲ್ಲಾ ಸರಿಯಾಗ್ ಅದೆ ಅಂತ ಸೈನ್ ಹಾಕ್ಬುಟ್ಟಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ಲ. ನಾನು ಹೇಳ್ಬುಟ್ಟೆ. ಆ ವಿಮಾನ ನಿಲ್ಲಿಸ್ಬುಟ್ರು. ಬೈತಾರೆ ಅನ್ಕಂಡೆ. ಅವ್ರು ಬೆನ್ ತಟ್ಟಿ, ಒಳ್ಳೇದ್ ಮಾಡ್ದೆ ಗುಂಡ್ಲುಪೇಟ್, ಹುಡ್ಕಿಡು, ಬಂದ್ ನೋಡ್ತೀನಿ ಅಂದು, ಪಕ್ಕದ್ ವಿಮಾನ ಹತ್ಕಂಡ್ ಓದ್ರು."

ಮೊಬೈಲುಗಳೆಲ್ಲ ಕೆಳಗಿಳಿದಿದ್ದವು.

"ನಾಕು ಓದ್ವು. ಮೂರು ಬಂದ್ವು."

ನಾನು ಅತ್ತೆಯ ಮುಖ ನೋಡಿದೆ. ಅವರು ನೆಲ ನೋಡುತ್ತ ಸೆರಗಿನ ಅಂಚನ್ನು ಮಡಿಸಿ ಬಿಚ್ಚುತ್ತಿದ್ದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಹಿತ್ತಲಲ್ಲಿ ಅದನ್ನು ಆಟ ಆಡಿದ ನಮಗೆ ಮಾತ್ರ ಗೊತ್ತಿರಲಿಲ್ಲ.

"ಇಡೀ ವಿಮಾನ ಬಿಚ್ಚಿ ಹುಡುಕುದ್ವಿ. ಸಿಕ್ನಿಲ್ಲ. ಇವತ್ತಿಗೂ ಸಿಕ್ಕಿಲ್ಲ."

ಆ ಹುಡುಗಿ ಇನ್ನೂ ನಿಂತೇ ಇದ್ದಳು. "ಹಾಗಾದರೆ ನೀವು ಅವತ್ತು ಹೇಳದೆ ಇದ್ದಿದ್ದರೆ..." ಎಂದವಳು ಮುಂದೆ ಹೋಗಲಾರದೆ ನಿಲ್ಲಿಸಿದಳು.

"ಐವತ್ತು ವರ್ಷದಿಂದ ಅದನ್ನೇ ಕೇಳ್ಕೋತಿವ್ನಿ ಕಣಮ್ಮಿ," ಮಾವ ಹೇಳಿದರು. "ಉತ್ರ ಸಿಕ್ಕಿಲ್ಲ. ಆದ್ರೆ ನಾಳೆ ಬೆಳಗ್ಗೆ ಮತ್ತೆ ಹನ್ನೊಂದೇ ಬಂದ್ರೆ, ಮತ್ತೆ ಹೇಳೇ ಹೇಳ್ತೀನಿ. ನೀವೂ ಹೇಳಿ. ಅದ್ನ ಕಲಿಯಕ್ಕಾದ್ರೂ ಇದು ಇಲ್ಲೇ ಇರ್ಲಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಇರಲಿ ಬಿಡಿ. ಸ್ಟ್ಯಾಂಡ್ ರಿಪೇರಿ ಮಾಡಿಸೋಣ. ಬೈಕು ಹಿಂದುಗಡೆ ನಿಲ್ಲಿಸಿಕೊಳ್ಳಲಿ" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಅವರು ಒಂದು ಏಣಿ ಕೇಳಿದರು.

ಪ್ರಿನ್ಸಿಪಾಲರೇ ಏಣಿ ಹಿಡಿದರು. ಎಪ್ಪತ್ತು ದಾಟಿದ ಮಾವ ನಿಧಾನವಾಗಿ ಹತ್ತಿ, ವಿಮಾನದ ಹೊಟ್ಟೆಯ ಪಕ್ಕದ ಒಂದು ಸಣ್ಣ ಮುಚ್ಚಳವನ್ನು ತೆರೆದರು. ಇಷ್ಟು ವರ್ಷವಾದರೂ ಅದು ಎಲ್ಲಿದೆಯೆಂದು ಹುಡುಕುವ ಪ್ರಮೇಯವೇ ಬರಲಿಲ್ಲ. ತೋಳನ್ನು ಭುಜದವರೆಗೂ ಒಳಗೆ ಹಾಕಿ ತಡವತೊಡಗಿದರು.

"ಮಾವ," ನಾನು ಕೆಳಗಿನಿಂದ ಮೆಲ್ಲಗೆ ಕೇಳಿದೆ, "ಇದು ಆ ವಿಮಾನ ಅಲ್ಲವಲ್ಲ?"

"ಅಲ್ಲ ಕಣಮ್ಮಿ. ಅದರ ನಂಬ್ರು ನಂಗ್ ಗೊತ್ತಿಲ್ವಾ?"

"ಮತ್ತೆ?"

"ಇರು. ಒಂದ್ಸಲ ನೋಡ್ಬುಡ್ತೀನಿ."

ಬಹಳ ಹೊತ್ತು ನೋಡಿದರು. ಕೈ ಹೊರಗೆ ಬಂದಾಗ ಅದರಲ್ಲಿ ಇದ್ದದ್ದು ಪಾರಿವಾಳದ ಗೂಡಿನ ಒಂದು ಹಿಡಿ ಒಣಹುಲ್ಲು. ಮಾವ ಹಣೆಯನ್ನು ಆ ತಗಡಿಗೆ ಒತ್ತಿ ಹಾಗೇ ನಿಂತುಬಿಟ್ಟರು.

ಅತ್ತೆ ಎದ್ದು ಬಂದರು. ಪ್ರಿನ್ಸಿಪಾಲರನ್ನು ಪಕ್ಕಕ್ಕೆ ಸರಿಸಿ, ಏಣಿಯನ್ನು ತಾವೇ ಎರಡೂ ಕೈಯಲ್ಲಿ ಹಿಡಿದುಕೊಂಡು, ಮೇಲೆ ನೋಡಿ ಕೇಳಿದರು.

"ಎಷ್ಟು?"

ಮಾವ ತಿರುಗಲಿಲ್ಲ. "ಹನ್ನೊಂದು."

"ನಾಳೆ ಉಡುಕನ ಬುಡಿ," ಅತ್ತೆ ಹೇಳಿದರು. "ಇಳೀರಿ ಈಗ, ನಿಧಾನುಕ್ಕೆ. ನಾ ಇಡ್ಕೊಂಡಿವ್ನಿ."