ಫಾರಂ ತುಂಬದೆ ಚಾರ್ಜರ್ ಕೊಡುವುದಿಲ್ಲ

ಬ್ಯಾಟರಿ ಚಾರ್ಜರ್ ಮಾರುವವನ ಅಂಗಡಿಗೆ ನಗುನಗುತ್ತ ಬಂದ ಗಿರಾಕಿಯನ್ನು ನಾನು ಇಷ್ಟು ವರ್ಷಗಳಲ್ಲಿ ಒಬ್ಬನನ್ನೂ ಕಂಡಿಲ್ಲ. ಮೊದಲು ಹೊಲದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ, ಇಲ್ಲವೇ ರಸ್ತೆಯ ಮೇಲೆ ರೋಲರ್ ನಿಲ್ಲುತ್ತದೆ. ಆಮೇಲೆ ಮನುಷ್ಯ ನಮ್ಮ ಕಡೆ ಹೊರಡುತ್ತಾನೆ. ಅಂಥ ಹೊತ್ತಿನಲ್ಲಿ ಅವನಾಡುವ ಮಾತು ಕೇಳುವವನಿಗೆ ನಗು ತರಿಸುತ್ತದೆ, ಆಡಿದವನಿಗಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ವಾಡಿಯ ಸ್ಟೇಶನ್ ರಸ್ತೆಯಲ್ಲಿ ಅಂಗಡಿ ತೆರೆದ ದಿನದಿಂದ ಇಂಥವು ಆಗುತ್ತಲೇ ಇದ್ದವು. ಆಗ ನಾನು ನಗಲಿಲ್ಲ. ಈಗ ನಗುತ್ತೇನೆ. ಆದರೆ ಪ್ರತಿಯೊಂದರಲ್ಲೂ ನಮ್ಮ ಮಿಸ್ತ್ರಿ ಇದ್ದಾರೆ, ಅವರನ್ನು ಅಂಗಡಿಯಿಂದ ಕಳಿಸಿದವನು ನಾನೇ ಎಂಬುದು ನೆನಪಾಗಿ ನಗು ಅರ್ಧಕ್ಕೇ ನಿಲ್ಲುತ್ತದೆ.

೧. ಏಳು ಪ್ರಶ್ನೆ

ನಮ್ಮ ಮನೆಯಲ್ಲಿ ಅಜ್ಜ ಮಾಸ್ತರರು, ಅಪ್ಪ ಮಾಸ್ತರರು, ಇಬ್ಬರು ಕಾಕಾಗಳೂ ಮಾಸ್ತರರು. ಅಂಗಡಿ ಇಟ್ಟವನು ನಾನೊಬ್ಬನೇ. ಅದನ್ನೂ ಪರೀಕ್ಷಾ ಕೋಣೆಯ ಹಾಗೆ ನಡೆಸಿದೆ.

ಕಾನ್ವೆಂಟಿನಲ್ಲಿ ಓದಿದವನು, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಹಾಗಾಗಿ ಗುಲ್ಬರ್ಗಾದಲ್ಲಿ ಇಂಗ್ಲಿಷಿನ ಒಂದು ಫಾರಂ ಅಚ್ಚು ಹಾಕಿಸಿದೆ. ಬ್ಯಾಟರಿ ಯಾವ ಕಂಪನಿಯದು, ಎಷ್ಟು ವೋಲ್ಟು, ಎಷ್ಟು ದೊಡ್ಡದು, ಎಷ್ಟು ವರ್ಷದ್ದು, ನೀರು ಯಾವಾಗ ಹಾಕಿದ್ದು, ಒಮ್ಮೆಗೆ ಎಷ್ಟು ಬ್ಯಾಟರಿ ಚಾರ್ಜ್ ಮಾಡಬೇಕು ಎಂದು ಆರು ಪ್ರಶ್ನೆ. ಏಳನೆಯದು, ಬ್ಯಾಟರಿ ಕೆಟ್ಟದ್ದು ಯಾರ ತಪ್ಪಿನಿಂದ ಎಂದು. ಗೋಡೆಗೆ ಬೋರ್ಡು ಬರೆಸಿದೆ: ಫಾರಂ ತುಂಬದೆ ಚಾರ್ಜರ್ ಕೊಡುವುದಿಲ್ಲ.

ಇದಕ್ಕೆ ಕಾರಣವಿರಲಿಲ್ಲವೆಂದಲ್ಲ. ಸಣ್ಣ ಬ್ಯಾಟರಿಗೆ ದೊಡ್ಡ ಚಾರ್ಜರ್ ಹಚ್ಚಿದರೆ ಒಳಗಿನ ಆಸಿಡ್ ಕುದಿಯುತ್ತದೆ. ದೊಡ್ಡದಕ್ಕೆ ಸಣ್ಣದು ಹಚ್ಚಿದರೆ ಮೂರು ದಿನವಾದರೂ ತುಂಬುವುದಿಲ್ಲ. ನೋಡಿ ಕೊಡಬೇಕಾದ ವಸ್ತು ಅದು.

ದಂಡೋತಿಯಿಂದ ಟ್ರ್ಯಾಕ್ಟರಿನ ಒಬ್ಬ ರೈತರು ಬಂದರು. ನಾನು ಫಾರಂ ಹಿಡಿದು ಕೂತೆ.

“ಬ್ಯಾಟರಿ ಎಷ್ಟು ವರ್ಷದ್ದು?”

“ನಮ್ಮ ಸಣ್ಣ ಮಗಳು ಹುಟ್ಟೋ ಮುಂದ ತಂದದ್ದು ಸಾವ್ಕಾರ್ರ.”

“ಅವಳಿಗೆ ಈಗ ಎಷ್ಟು?”

“ಬ್ಯಾಟರಿ ತಂದಷ್ಟು.”

ಏಳನೇ ಪ್ರಶ್ನೆಗೆ ಬಂದಾಗ ಅವರು ಹಿಂದೆ ಮುಂದೆ ನೋಡಿ ದನಿ ಇಳಿಸಿದರು. “ಅಳಿಯಂದು ಅಂತ ಬರೀರಿ. ಖರೆ ನಾ ಹೇಳೀನಂತ ಬರೀಬ್ಯಾಡ್ರಿ. ಮನ್ಯಾಗ ಇರೋ ಅಳಿಯ.”

ಇಷ್ಟಾಗುವವರೆಗೆ ಮಿಸ್ತ್ರಿ ಬಾಗಿಲ ಬಳಿ ಅಡಿಕೆ ಅಗಿಯುತ್ತ ನಿಂತಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಶಹಾಬಾದಿನ ಫರ್ಸಿ ಕಲ್ಲಿನ ಖಣಿಗಳ ಕ್ರೇನು, ಲಾರಿಗಳ ಬ್ಯಾಟರಿ ಚಾರ್ಜ್ ಮಾಡಿಯೇ ಕೂದಲು ನೆರೆಸಿಕೊಂಡವರು. ಅವರು ರೈತರನ್ನು ಒಂದೇ ಒಂದು ಮಾತು ಕೇಳಿದರು.

“ನಿಮ್ಮ ಮನ್ಯಾಗ ಬಲ್ಬ್ ಹ್ಯಾಂಗ ಉರೀತದ್ರಿ?”

“ಕೆಂಪಗ.”

ಮಿಸ್ತ್ರಿ ನನ್ನ ಕಡೆ ತಿರುಗಿ, ಆಯಿತಲ್ಲ ಎಂಬಂತೆ ತಲೆಯಾಡಿಸಿದರು. ನಾನು ಗಂಭೀರವಾಗಿ ಹೇಳಿದೆ: “ಮಿಸ್ತ್ರಿ, ನಾವು ಇಲ್ಲಿ ಬಲ್ಬ್ ಮಾರೂದಿಲ್ಲ.”

೨. ನಂದಾದೀಪ

ನನ್ನಲ್ಲಿ ಎರಡು ತರಹದ ಚಾರ್ಜರ್ ಇದ್ದವು. ಒಂದು ಪುಣೆಯ ಅಟೊಮ್ಯಾಟಿಕ್. ನೋಡಲು ಚೆಂದ, ಕೈಯಲ್ಲಿ ಹಗುರ. ಹಚ್ಚಿದರೆ ಕೆಂಪು ದೀಪ, ಬ್ಯಾಟರಿ ತುಂಬಿದರೆ ಹಸಿರು ದೀಪ, ಆಮೇಲೆ ತಾನೇ ನಿಲ್ಲುತ್ತದೆ. ಇನ್ನೊಂದು ಹೈದರಾಬಾದಿನಲ್ಲಿ ಯಾರೋ ತಂತಿ ಸುತ್ತಿ ಮಾಡಿದ ಕಬ್ಬಿಣದ ಡಬ್ಬಿ. ಗುಂಯ್ ಎನ್ನುತ್ತಿತ್ತು. ಮುಂದೆ ಕರೆಂಟು ಏರಿಸಿ ಇಳಿಸಲು ಎಂಟು ಮನೆಯ ಒಂದು ತಿರುಗುಗುಂಡಿ. ಯಾರಾದರೂ ಮೀಟರಿನ ಮುಳ್ಳು ನೋಡುತ್ತ ಕೂತು ಅದನ್ನು ತಿರುಗಿಸಬೇಕು. ಮಿಸ್ತ್ರಿಯ ಹಟಕ್ಕೆ ನಾಲ್ಕು ಡಬ್ಬಿ ತರಿಸಿ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೆ, ಗಿರಾಕಿಗಳ ಕಣ್ಣಿಗೆ ಬೀಳದಂತೆ.

ದಂಡೋತಿಯವರಿಗೆ ಅಟೊಮ್ಯಾಟಿಕ್ ಕೊಟ್ಟೆ. ಅದರ ಜೊತೆಗೆ ಒಂದು ಉಪದೇಶವನ್ನೂ ಕೊಟ್ಟೆ.

ನಮ್ಮ ಕಡೆ ಟ್ರ್ಯಾಕ್ಟರನ್ನು ದಿಬ್ಬದ ಮೇಲೆ ನಿಲ್ಲಿಸುವ ಪದ್ಧತಿ. ಬ್ಯಾಟರಿಯನ್ನು ಯಾರೂ ನಂಬುವುದಿಲ್ಲ. ಸಂಜೆ ದಿಬ್ಬ ಹತ್ತಿಸಿ, ಗಾಲಿಗೆ ಕಲ್ಲು ಕೊಟ್ಟು ಮನೆಗೆ ಹೋಗುತ್ತಾರೆ. ಮುಂಜಾನೆ ಕಲ್ಲು ತೆಗೆದರೆ ಗಾಡಿ ಉರುಳಿ, ಉರುಳುತ್ತಲೇ ಚಾಲೂ ಆಗುತ್ತದೆ. ಊರಿಗೊಂದು ದಿಬ್ಬ, ದಿಬ್ಬದ ಮೇಲೆ ಊರಿನ ಟ್ರ್ಯಾಕ್ಟರುಗಳೆಲ್ಲ ಸಾಲಾಗಿ. ಇದು ಅನಾಗರಿಕ ಪದ್ಧತಿ, ಇನ್ನು ಮೇಲೆ ಗಾಡಿಯನ್ನು ಮನೆಯ ಮುಂದೆ ಸಮ ನೆಲದಲ್ಲಿ ನಿಲ್ಲಿಸಿ ಎಂದು ಹೇಳಿ ಕಳಿಸಿದೆ. ಅವರು ಸಜ್ಜನರು, ಹಾಗೆಯೇ ಮಾಡಿದರು.

ಎಂಟನೇ ದಿನ ಬಂದರು. ಬಿತ್ತನೆಯ ಹದ. ಗಾಡಿ ಮನೆಯ ಮುಂದೆ ಕೂತುಬಿಟ್ಟಿತ್ತು.

“ಓಣ್ಯಾಗಿನ ಮಂದಿ ಎಲ್ಲಾ ಸೇರಿ ದಬ್ಬಿ ದಿಬ್ಬಕ್ಕ ಒಯ್ದಾರ ಸಾವ್ಕಾರ್ರ. ದಬ್ಬಿದವರು ನನ್ನ ಬಯ್ಯಲಿಲ್ಲರಿ, ನಿಮ್ಮನ್ನ ಬಯ್ದ್ರು.”

“ಚಾರ್ಜರ್ ಹಚ್ಚಿದ್ರೋ ಇಲ್ಲೋ?”

“ಹಚ್ಚಿದ್ದು ತೆಗದೇ ಇಲ್ಲ. ಕೆಂಪು ಲೈಟ್ ಉರಿಯಾಕತ್ತದ, ಉರಿಯಾಕತ್ತದ, ಹಸರ ಆಗವಲ್ದು. ಬ್ಯಾಟರಿ ತುಂಬವಲ್ದು. ಖರೆ ನಮ್ಮ ಅವ್ವಗ ಭಾಳ ಖುಷಿ ಆಗ್ಯಾದ್ರಿ. ಒಯ್ದು ದೇವರ ಮುಂದ ಇಟ್ಟಾಳ. ಎಣ್ಣಿ ಬ್ಯಾಡ, ಬತ್ತಿ ಬ್ಯಾಡ, ನಂದಾದೀಪ ಆತು ಅಂತಾಳ.”

ನಾನು ನಿಯಮದಂತೆ ಆ ಚಾರ್ಜರ್ ತರಿಸಿಕೊಂಡು ಹೊಸದು ಕೊಟ್ಟೆ. ಅದೂ ಅಟೊಮ್ಯಾಟಿಕ್. ಮಿಸ್ತ್ರಿ ಮೆಲ್ಲಗೆ ಹೇಳಿದರು, “ಸಾಹೇಬ್ರ, ಅವರಿಗಿ ಡಬ್ಬಿ ಕೊಡ್ರಿ.”

“ಡಬ್ಬಿ ತಾನಾಗಿ ನಿಲ್ಲೂದಿಲ್ಲ, ಮಿಸ್ತ್ರಿ.”

“ನಿಲ್ಲೋದು ಆಮ್ಯಾಲಿಂದು. ಮೊದಲ ಚಾಲೂ ಆಗಬೇಕಲ್ರಿ.”

೩. ಸುಳ್ಳು ದಾಖಲೆ

ಒಂದು ದಿನ ನಾನು ಗುಲ್ಬರ್ಗಾಕ್ಕೆ ಹೋಗಿದ್ದೆ. ಆ ದಿನವೇ ಚಿಂಚೋಳಿಯಿಂದ ರಸ್ತೆ ಗುತ್ತಿಗೆದಾರರೊಬ್ಬರು ಬಂದಿದ್ದರಂತೆ. ಅವರ ರೋಲರ್ ಅರ್ಧ ರಸ್ತೆಯಲ್ಲಿ ನಿಂತಿತ್ತು, ಹಿಂದೆ ಡಾಂಬರು ಆರುತ್ತಿತ್ತು. ಮಿಸ್ತ್ರಿ ಹಿಂದಿನ ಕೋಣೆಯಿಂದ ಡಬ್ಬಿ ತೆಗೆದು ಕೊಟ್ಟು ಕಳಿಸಿದ್ದರು. ಬೋರ್ಡಿಗೆ ಗೌರವ ಕೊಟ್ಟು ಫಾರಂ ಕೂಡ ತುಂಬಿದ್ದರು.

ಸಂಜೆ ನಾನು ಫಾರಂ ನೋಡಿದೆ. ಬ್ಯಾಟರಿ ಯಾವ ಕಂಪನಿಯದು? ಕೆಂಪಗ. ಎಷ್ಟು ವೋಲ್ಟು? ಕೆಂಪಗ. ನೀರು ಯಾವಾಗ ಹಾಕಿದ್ದು? ಕೆಂಪಗ. ಯಾರ ತಪ್ಪು? ಕೆಂಪಗ. ಏಳೂ ಮನೆಯಲ್ಲಿ ಗುಂಡಗಿನ ಅಕ್ಷರದಲ್ಲಿ ಅದೊಂದೇ ಶಬ್ದ.

“ಇದೇನ್ರಿ ಮಿಸ್ತ್ರಿ?”

“ನೀವು ಏಳು ಕೇಳತೀರಿ ಸಾಹೇಬ್ರ. ಉತ್ತರ ಒಂದೇ ಅದ.”

“ಇದು ಸುಳ್ಳು ದಾಖಲೆ. ಸುಳ್ಳು ದಾಖಲೆ ಬರೆದವರು ನನ್ನ ಅಂಗಡಿಯಲ್ಲಿ ಇರುವಂತಿಲ್ಲ. ತಪ್ಪಾಯಿತು ಎಂದು ಬರೆದು ಕೊಡ್ರಿ, ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ.”

ಮಿಸ್ತ್ರಿ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡರು. “ಖಾಲಿ ಫಾರಂ ಒಂದು ಕೊಡ್ರಿ” ಎಂದರು. ತಪ್ಪೊಪ್ಪಿಗೆ ಬರೆಯುತ್ತಾರೆಂದು ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು, “ಬರತೀನಿ ಸಾಹೇಬ್ರ” ಎಂದು ಹೋದರು.

ಚಿಂಚೋಳಿಯ ಗುತ್ತಿಗೆದಾರರು ಮುಂದಿನ ವಾರ ಮತ್ತೆ ಬಂದರು. ಜಗಳಕ್ಕೆಂದು ನಾನು ಸಜ್ಜಾದೆ. ಅವರು ಹೇಳಿದರು: “ಅಂಥವೇ ಇನ್ನ ಎರಡು ಡಬ್ಬಿ ಬೇಕಾಗಿದ್ವು. ಆ ಹಿರೇ ಮನಿಷ್ಯಾ ಎಲ್ಲಿ? ನೀವು ಹೊಸದಾಗಿ ಕೆಲಸಕ್ಕ ಸೇರೀರೇನು?”

೪. ಬಿಳಿ ಬಲ್ಬು

ನನ್ನ ಅಟೊಮ್ಯಾಟಿಕ್ ಚಾರ್ಜರನ್ನು ಹೊಗಳಿ ಒಂದು ಪತ್ರ ಬಂದಿತ್ತು. ಒಂದೇ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆ ಕಾಲೊನಿಯ ಒಬ್ಬ ಇಂಜಿನಿಯರು ಇಂಗ್ಲಿಷಿನಲ್ಲಿ ಬರೆದಿದ್ದರು. ಅದಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದೆ. ಅವರ ಮನೆಯ ಬಲ್ಬು ಹಾಲಿನಂತೆ ಉರಿಯುತ್ತಿತ್ತು. ಅವರು ಚಾರ್ಜ್ ಮಾಡುತ್ತಿದ್ದದ್ದು ತಿಂಗಳಿಗೊಮ್ಮೆ ಹೊರಬೀಳುವ ಕಾರಿನ ಬ್ಯಾಟರಿಯನ್ನು.

ಉಳಿದವರು ಪತ್ರ ಬರೆಯಲಿಲ್ಲ, ಚಾರ್ಜರನ್ನೇ ತಂದರು. ಗುಂಡಗುರ್ತಿಯಿಂದ ಬಂತು, ಚಿತ್ತಾಪುರದಿಂದ ಬಂತು, ಶಹಾಬಾದಿನ ಖಣಿಯಿಂದ ಒಂದೇ ದಿನ ಮೂರು ಬಂದವು. ಸತ್ಯವಂತನಾದ ನಾನು ಒಂದು ಮಾತೂ ಆಡದೆ ವಾಪಸು ತೆಗೆದುಕೊಂಡೆ. ಒಂದೊಂದನ್ನೂ ಬಿಚ್ಚಿ ನೋಡಿದೆ. ಯಾವುದರಲ್ಲೂ ದೋಷವಿರಲಿಲ್ಲ. ಅಂಗಡಿಯಲ್ಲಿ ಹಚ್ಚಿದರೆ ಎಲ್ಲವೂ ಚೆನ್ನಾಗಿಯೇ ಹಸಿರಾಗುತ್ತಿದ್ದವು.

ಕೊನೆಗೆ ವೋಲ್ಟ್‌ಮೀಟರ್ ಹಿಡಿದು ದಂಡೋತಿಗೆ ಹೋದೆ. ದೀಪ ಹಚ್ಚುವ ಹೊತ್ತು. ರೈತರ ಮನೆಯ ಪಡಸಾಲೆಯಲ್ಲಿ ಬಲ್ಬಿನ ತಂತಿ ಆರಲಿರುವ ಊದುಬತ್ತಿಯ ತುದಿಯಂತೆ ಕೆಂಪಗೆ ಕಾಣುತ್ತಿತ್ತು. ಅದರ ಬೆಳಕಿನಲ್ಲಿ ಗೋಡೆಯೂ ಕಾಣುತ್ತಿರಲಿಲ್ಲ. ನಾನು ಪ್ಲಗ್ಗಿಗೆ ಮೀಟರಿನ ತಂತಿ ಹಿಡಿದು, ಟಾರ್ಚು ಹಾಕಿ, ಕನ್ನಡಕ ಏರಿಸಿ ಓದತೊಡಗಿದೆ. ಇರಬೇಕಾದ ವೋಲ್ಟೇಜಿನ ಮುಕ್ಕಾಲು ಪಾಲೂ ಇರಲಿಲ್ಲ. ಇಷ್ಟು ವೋಲ್ಟೇಜಿನಲ್ಲಿ ನನ್ನ ಚಾರ್ಜರಿಗೆ ದೀಪ ಉರಿಸುವ ಶಕ್ತಿ ಮಾತ್ರ ಇರುತ್ತದೆ, ಬ್ಯಾಟರಿಗೆ ತಳ್ಳುವ ಶಕ್ತಿ ಇರುವುದಿಲ್ಲ. ಡಬ್ಬಿಯಾದರೆ ಗುಂಡಿಯನ್ನು ನಾಲ್ಕು ಮನೆ ಮೇಲೆ ತಿರುಗಿಸಿ ಆ ಕೊರತೆ ತುಂಬಬಹುದಿತ್ತು. ಮಿಸ್ತ್ರಿಯ ಪ್ರಶ್ನೆಯ ಅರ್ಥ ಇದಾಗಿತ್ತು. ಡಿಪ್ಲೊಮಾದಲ್ಲಿ ನಾನು ಇದನ್ನು ಓದಿದ್ದೆ, ಬರೆದು ಪಾಸೂ ಆಗಿದ್ದೆ.

ಆ ಮನೆಯ ಮುದುಕಿ ಇಷ್ಟು ಹೊತ್ತು ನೋಡುತ್ತಿದ್ದರು. ಮಗನನ್ನು ಕರೆದು ಕೇಳಿದರು: “ಆ ಗಡ್ಯಾರ ಹಿಡದು ಏನ್ ನೋಡ್ಲಿಕತ್ಯಾರೋ? ಮ್ಯಾಲೆ ಬಲ್ಬ್ ಅದ, ಕಾಣಸವಲ್ದಂತೇನು ಪಾಪ?”

೫. ಇನ್ನೂ ಆಗಿಲ್ಲ

ಮರುದಿನವೇ ಸೇಡಂಗೆ ಹೋಗಬೇಕಿತ್ತು. ಮಿಸ್ತ್ರಿ ಅಲ್ಲಿ ಒಂದು ಗಲ್ಲಿಯಲ್ಲಿ ಪತ್ರಾಸ್ ತಗಡಿನ ಶೆಡ್ ಹಾಕಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದಾರೆಂದು ಗೊತ್ತಿತ್ತು. ವಾಡಿಯಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದು ತಾಸು. ಹೋಗಲಿಲ್ಲ. ಹೋಗಿ ಏನೆಂದು ಹೇಳುವುದು ಎಂದು ಯೋಚಿಸುವುದರಲ್ಲಿ ಆರು ವರ್ಷ ಹೋದವು. ತಪ್ಪಾಯಿತು ಎಂದು ಬರೆದು ಕೊಡಿ ಎಂದು ಮಿಸ್ತ್ರಿಯನ್ನು ಕೇಳಿದವನಿಗೆ ಅದನ್ನು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ.

ಕಡೆಗೆ ಒಂದು ನೆಪ ಹುಡುಕಿದೆ. ಅಂಗಡಿಯ ಹೊಸ ಬ್ಯಾಟರಿಯೊಂದನ್ನು ಜೀಪಿನಲ್ಲಿಟ್ಟೆ. ಕೆಟ್ಟದ್ದರಂತೆ ಕಾಣಲೆಂದು ಅದರ ಮೇಲೆ ಒಂದು ಹಿಡಿ ಮಣ್ಣು ಸವರಿದೆ. ಸವರುವಾಗ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದೆ.

ಮಿಸ್ತ್ರಿ ಮುದುಕರಾಗಿದ್ದರು. ಶೆಡ್ಡಿನ ಬಲ್ಬು ಕೆಂಪಗೇ ಉರಿಯುತ್ತಿತ್ತು. ನಾಲ್ಕು ಡಬ್ಬಿಗಳು ಗುಂಯ್ ಎನ್ನುತ್ತಿದ್ದವು. ಮೂಲೆಯಲ್ಲಿ ಯಾರೋ ಬಿಟ್ಟುಹೋದ ನನ್ನ ಅಟೊಮ್ಯಾಟಿಕ್ ಒಂದು ಕೂತಿತ್ತು.

“ಬರ್ರಿ ಸಾಹೇಬ್ರ, ಕುಂದ್ರಿ. ಏನಾಗ್ಯಾದ?”

“ಬ್ಯಾಟರಿ ಸತ್ತಿದೆ.”

ಅವರು ಬ್ಯಾಟರಿಯನ್ನು ನೋಡಲೂ ಇಲ್ಲ. ತಗಡಿನ ಡಬ್ಬದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ನನ್ನದೇ ಫಾರಂ. ತೊಡೆಯ ಮೇಲಿಟ್ಟು ನೀವಿ ಸಮ ಮಾಡಿ, ಪೆನ್ನಿನ ಟೊಪ್ಪಿಗೆ ತೆಗೆದರು. ಇಂಗ್ಲಿಷ್ ಬಾರದ ಮನುಷ್ಯ, ಮೊದಲ ಆರು ಪ್ರಶ್ನೆಯನ್ನೂ ವರಸೆ ತಪ್ಪದೆ ಕೇಳಿದರು. ನಾನು ಮಾಸ್ತರರ ಮುಂದೆ ನಿಂತವನಂತೆ ಉತ್ತರ ಕೊಟ್ಟೆ. ಎಷ್ಟು ವರ್ಷದ್ದು ಎಂದಾಗ ನಾಲ್ಕು ಎಂದೆ. ಆರೂ ಮುಗಿದ ಮೇಲೆ ಅವರು ಎದ್ದು ಟವೆಲಿನಿಂದ ಬ್ಯಾಟರಿಯ ಮಣ್ಣು ಒರೆಸಿದರು. ಒಳಗಿನಿಂದ ಕಂಪನಿಯ ಚೀಟಿ ಥಳಥಳ ಹೊಳೆಯಿತು. ಒಂದು ತಂತಿ ಮುಟ್ಟಿಸಿದರು, ಚಟಾರನೆ ಕಿಡಿ ಹಾರಿತು.

“ಸಾಹೇಬ್ರ, ಇದು ಸುಳ್ಳು ದಾಖಲೆ ಆತು. ಇದಕ್ಕೇ ನೀವು ನನ್ನ ತೆಗದಿದ್ರಿ.”

ಅವರು ಮತ್ತೆ ಕೂತು ಪೆನ್ನು ಎತ್ತಿಕೊಂಡರು.

“ಇನ್ನೊಂದು ಪ್ರಶ್ನಿ ಉಳದದ. ಯಾರ ತಪ್ಪು?”

“ನಂದು, ಮಿಸ್ತ್ರಿ.”

ಅವರು ಅದನ್ನು ಬರೆದುಕೊಳ್ಳಲಿಲ್ಲ. ಫಾರಂ ಮಡಚಿ ಡಬ್ಬದಲ್ಲಿಟ್ಟರು. ಚಹಾ ತರಿಸಿದರು. ಹೊರಡುವಾಗ ನಾನು ಬ್ಯಾಟರಿ ಎತ್ತಿಕೊಳ್ಳಲು ಹೋದೆ.

“ಇರಲಿ ಬಿಡ್ರಿ. ಫಾರಂ ತುಂಬ್ಯಾದಂದ್ರ ಚಾರ್ಜಿಗಿ ಹಚ್ಚಬೇಕು. ಮುಂದಿನ ವಾರ ಬಂದು ಒಯ್ರಿ.”

“ಅದು ತುಂಬಿಯೇ ಇದೆಯಲ್ಲ ಮಿಸ್ತ್ರಿ?”

“ಅದನ್ನ ನಾ ಹೇಳಬೇಕು. ಈ ಅಂಗಡಿ ನಂದು.”

ಮುಂದಿನ ವಾರ ಹೋದೆ. ಚಹಾ ಕುಡಿದೆವು, ಹಳೆಯ ಗಿರಾಕಿಗಳ ಮಾತಾಡಿದೆವು. ಬ್ಯಾಟರಿ ಕೇಳಿದರೆ, ಇನ್ನೂ ಆಗಿಲ್ಲ ಎಂದರು. ಅದರ ಮುಂದಿನ ವಾರವೂ ಹೋದೆ. ಇನ್ನೂ ಆಗಿಲ್ಲ. ಹೀಗೆ ಎರಡು ವರ್ಷ ನಡೆಯಿತು. ಎಂಟು ವರ್ಷ ನಡೆಯಬಹುದಿತ್ತು. ಆರನ್ನು ನಾನು ವಾಡಿಯಲ್ಲಿ ಬೋರ್ಡಿನ ಕೆಳಗೆ ಕೂತು ಕಳೆದಿದ್ದೆ.

ಕೊನೆಯ ಸಲ ಹೋದಾಗ ಅವರು ಶೆಡ್ಡಿನ ಹೊರಸಿನ ಮೇಲೆ ಮಲಗಿದ್ದರು. ಮೈ ಇಳಿದಿತ್ತು, ಮಾತಿಗೆ ದಮ್ಮು ಸಾಲುತ್ತಿರಲಿಲ್ಲ. ರೂಢಿಯಂತೆ ಕೇಳಿದೆ, “ಮಿಸ್ತ್ರಿ, ನನ್ನ ಬ್ಯಾಟರಿ ಆಯಿತೇನು?”

ಅವರು ಮಲಗಿದಲ್ಲಿಂದಲೇ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಒಂದು ಸಣ್ಣ ಕೆಂಪು ದೀಪ ಉರಿಯುತ್ತಿತ್ತು.

“ಎಲ್ಲಿ ಆಗ್ತದ ಸಾಹೇಬ್ರ? ನಿಮ್ಮ ಚಾರ್ಜರಿಗೇ ಹಚ್ಚೀನಿ.”