ನನ್ನ ಅತ್ತೆಯ ಸಕ್ಕರೆಯೂ ತಮ್ಮ ಕುಲೀನ ಕಹಿಯೂ

ಬೆಂಗಳೂರಿನ ಹಸಿರು ಗಿಳಿ ಬಿಯರ್ ಕಂಪನಿಯ ಪ್ರಧಾನ ರುಚಿ ಪರೀಕ್ಷಕರ ಘನ ನಾಲಿಗೆಗೆ ಬೈಲಹೊಂಗಲದ ಒಂದು ಸಾಧಾರಣ ನಾಲಿಗೆಯ ನಮಸ್ಕಾರಗಳು.

ಮಾನ್ಯರೇ,

ದೂರು ಬರೆಯುವುದು ನನ್ನ ಸ್ವಭಾವವಲ್ಲ. ಹಿಂದೊಮ್ಮೆ ಬಸ್ ಡಿಪೋಗೆ ದೂರು ಬರೆಯಲು ಕುಳಿತವಳು, ಚಾಲಕರ ಕಷ್ಟವನ್ನು ನೆನೆಯುತ್ತ ನೆನೆಯುತ್ತ ಕೊನೆಗೆ ಮೆಚ್ಚುಗೆಯ ಪತ್ರವನ್ನೇ ಅಂಚೆಗೆ ಹಾಕಿ ಬಂದಿದ್ದೆ. ಈ ಸಲವೂ ಹಾಗೇ ಆದೀತೆಂಬ ಭಯವಿದೆ. ತಮ್ಮ ಹೊಸ ಲಾಗರ್ ಬಿಯರಿನಲ್ಲಿ ನನಗೆ ಕಂಡ ಒಂದೇ ದೋಷವೆಂದರೆ ಅದು ಚೆನ್ನಾಗಿರುವುದು.

ಕಿತ್ತೂರು ರಸ್ತೆಯಲ್ಲಿ ವೈನ್ ಶಾಪ್ ಇಟ್ಟಿರುವ ಕಾಡಪ್ಪ ಮಾವ ನನ್ನ ಅತ್ತೆ ಶೆಟ್ಟೆವ್ವನವರ ತಮ್ಮ. ಗಿರಾಕಿಗಳಿಗೆ ಕುಡಿಸಿ ಬಣ್ಣ, ನೊರೆ, ವಾಸನೆ, ಕಹಿ ಎಂದು ಒಂದೊಂದಕ್ಕೂ ಹತ್ತರಲ್ಲಿ ಅಂಕ ಹಾಕಿಸಿ ಕಳಿಸಬೇಕೆಂದು ತಾವು ಅವರಿಗೆ ಒಂದು ಪೆಟ್ಟಿಗೆ ಬಾಟಲಿ ಕಳಿಸಿದಿರಿ. ಗಿರಾಕಿಗಳು ಒಂದೊಂದು ಗುಟುಕು ಕುಡಿದು, "ಕಾಡಪ್ಪಣ್ಣಾ, ಇದು ಕೆಟ್ಟೈತಿ, ಬ್ಯಾರೆದ್ದು ಕೊಡು" ಎಂದು ವಾಪಸು ಕೊಟ್ಟರಂತೆ. ಮಾವ ಪೆಟ್ಟಿಗೆಯನ್ನು ಸ್ಕೂಟರಿನ ಮೇಲಿಟ್ಟುಕೊಂಡು ನೇರವಾಗಿ ನಮ್ಮ ಮನೆಗೆ ಬಂದರು. "ರೇಣು, ನೀ ಬೆಳಗಾವ್ಯಾಗ ಇಂಗ್ಲಿಷ್ ಸಾಲಿ ಕಲ್ತಾಕಿ. ನಾಕ್ ಗುಟುಕು ಕುಡದು ಮಾರ್ಕ್ಸ್ ಹಾಕವಾ." ಇಂಗ್ಲಿಷ್ ಬಲ್ಲವಳಿಗೆ ಬಾರದ್ದು ಯಾವುದೂ ಇಲ್ಲವೆಂಬುದು ನನ್ನ ಗಂಡನ ಮನೆಯವರ ಹಳೆಯ ನಂಬಿಕೆ.

ನಾನು ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವವಳಲ್ಲವಾದ್ದರಿಂದ ಅಡುಗೆಮನೆಯಲ್ಲಿ ಕುಳಿತು ಬಾಟಲಿ ತೆರೆದೆ. ಆಗಷ್ಟೇ ಕೊಯ್ದ ಮೇವಿನ ವಾಸನೆ ಬಂತು, ಅದರ ಹಿಂದೆ ನಿಂಬೆ ಸಿಪ್ಪೆ. ಕಹಿ ಮಾತ್ರ ಮೊದಲು ಮುಖ ತೋರಿಸದೆ, ಊಟವೆಲ್ಲ ಮುಗಿದ ಮೇಲೆ ಬಂದು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತುಬಿಡುವ ನೆಂಟನ ಹಾಗೆ ನಾಲಿಗೆಯ ಮೇಲೆ ಉಳಿಯಿತು. ನನ್ನ ನಾಲಿಗೆಯ ಮೇಲೆ ನನಗೇ ಅನುಮಾನ ಬಂದು, ತಾವು ಬಾಟಲಿಯ ಬೆನ್ನಿಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿಕೊಂಡೆ: "ಶುದ್ಧ ಜವೆಗೋದಿ, ಗುಡ್ಡದ ಹೂವು, ಎಳೆ ಹುಲ್ಲು, ನಿಂಬೆ ಸಿಪ್ಪೆ, ಕೊನೆಗೆ ಉಳಿಯುವ ಕುಲೀನ ಕಹಿ."

ಅಲ್ಲೇ ಮೆಂತೆ ಸೊಪ್ಪು ಸೋಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ನಮ್ಮ ಕಡೆ ಸಕ್ಕರೆ ಕಾಯಿಲೆಯವರಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಕಹಿ ಹೇಳುತ್ತಾರೆ. ಹಾಗಲ, ಬೇವು, ನೆನೆಸಿದ ಮೆಂತೆ ಎಂದು ನೇಸರಗಿಯಿಂದ ಸವದತ್ತಿಯವರೆಗಿನ ಕಹಿಯನ್ನೆಲ್ಲ ಅವರು ಮೂಗು ಮುಚ್ಚಿ ಕುಡಿದಿದ್ದಾರೆ.

"ಜವೆಗೋದಿ, ಹೂವು, ಲಿಂಬಿ ಸಿಪ್ಪಿ... ಇದು ಕಷಾಯ ಐತಲ್ಲ. ಇದಕ್ಕ ಬಿಯರ್ ಅಂತ ಯಾಕ ಹೆಸರಿಟ್ಟಾರ?" ಎಂದು ನನ್ನ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಯವ್ವಾ, ಇದು ಖರೇ ಕಹಿ ನೋಡು!"

ಮಾನ್ಯರೇ, ತಮ್ಮ ಬಿಯರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಸಿಗಲಾರದು. ಮರುದಿನದಿಂದಲೇ ಅವರು ಡಾಕ್ಟರ ಗುಳಿಗೆ ಬಿಟ್ಟು, ಊಟಕ್ಕೆ ಮುಂಚೆ ಸಣ್ಣ ಲೋಟದಲ್ಲಿ ತಮ್ಮ ಲಾಗರ್ ಕುಡಿಯತೊಡಗಿದರು. ನಾನು ಬೇಡಿಕೊಂಡರೆ ಅವರ ಉತ್ತರ ಸಿದ್ಧವಿತ್ತು: "ಗುಳಿಗಿ ಸಪ್ಪಗ ಅದಾವ. ಸಪ್ಪನ ಗುಳಿಗಿ ಸಕ್ರಿ ಕೂಡ ಹೆಂಗ ಬಡದಾಡತೈತಿ?" ಬಿಯರಿನೊಳಗೇ ಸಕ್ಕರೆಯ ಅಂಶವಿದೆ ಎಂದೆ. "ಕಹಿ ಒಳಗ ಸಕ್ರಿ? ನಿಮ್ಮ ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಿಸ್ಯಾರೇನು?" ಎಂದರು. ಪಕ್ಕದ ಮನೆಯ ಕೃಷ್ಣವ್ವ ಕೂಡ ಸೆರಗಿನಲ್ಲಿ ತಂಬಿಗೆ ಮುಚ್ಚಿಕೊಂಡು ಬಂದು, "ನನಗೂ ಈಟ ಹಾಕ್ರೀ, ನನ್ನ ಸಕ್ರೀನೂ ಏರೇತಿ" ಎಂದರು. ಬೇರೆ ಯಾರೂ ಕೊಳ್ಳದ ಮಾಲಿಗೆ ಗಿರಾಕಿ ಸಿಕ್ಕ ಸಂತೋಷದಲ್ಲಿ ಕಾಡಪ್ಪ ಮಾವ ಇನ್ನೊಂದು ಪೆಟ್ಟಿಗೆ ತರಿಸಿದರು. ಅತ್ತೆಯ ಕಾಲು ಊದಿತು, ತಲೆ ಸುತ್ತಿ ಬಚ್ಚಲಲ್ಲಿ ಕುಸಿದು ಕೂತರು, ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮುಗಿಲು ಮುಟ್ಟಿತ್ತು. "ಓದಿದವರು ನೀವ ಹಿಂಗ ಮಾಡಿದ್ರ ಹೆಂಗ್ರೀ?" ಎಂದು ಡಾಕ್ಟರು ಬೈದದ್ದು ನನ್ನನ್ನು. 'ಕುಲೀನ ಕಹಿ' ಎಂಬುದನ್ನು ನಾನು 'ಹಳೇ ಕಾಲುಚೀಲದ ವಾಸನೆ' ಎಂದು ಅನುವಾದ ಮಾಡಿದ್ದರೆ ಇದೆಲ್ಲ ತಪ್ಪುತ್ತಿತ್ತೇ ಎಂದು ಆ ದಿನವೆಲ್ಲ ಯೋಚಿಸಿದೆ.

ಆದ್ದರಿಂದ ಮುಂದಿನ ಸಲ ಬಿಯರನ್ನು ದಯವಿಟ್ಟು ಶಾವಿಗೆ ಪಾಯಸದಷ್ಟು ಸಿಹಿ ಮಾಡಿ, ಅದರ ಹೆಸರನ್ನು ಕೆಡಿಸಬೇಕು. ಅದಾಗದಿದ್ದರೆ ತಾವೇ ಬೈಲಹೊಂಗಲಕ್ಕೆ ದಯಮಾಡಿಸಿ, ತಮ್ಮ ಪೂಜ್ಯ ನಾಲಿಗೆಯಿಂದ ನನ್ನ ಅತ್ತೆಯೆದುರು ಇದು ಮದ್ದಲ್ಲವೆಂದು ಹೇಳಬೇಕು. ಹೀಗೆಂದು ಕೇಳಿಕೊಳ್ಳಲೆಂದೇ ಈ ಪತ್ರ ಶುರುಮಾಡಿದ್ದೆ.

ಆದರೆ ಪತ್ರ ಅರ್ಧವಾಗಿದ್ದಾಗ ನನಗೊಂದು ಬುದ್ಧಿ ಹೊಳೆದು, ಪತ್ರವನ್ನು ಕೆಲವು ವಾರ ಹಾಗೇ ಎತ್ತಿಟ್ಟೆ. ಡಾಕ್ಟರನ್ನು ಕೇಳಿಕೊಂಡು, ಅತ್ತೆಯ ಗುಳಿಗೆಯನ್ನು ಬೇವಿನ ರಸದಲ್ಲಿ ಅದ್ದಿ ಕೈಗೆ ಕೊಟ್ಟೆ. "ಅತ್ತೀ, ಹಸಿರು ಗಿಳಿ ಕಂಪನಿಯವ್ರು ಈಗ ಅದನ್ನ ಗುಳಿಗಿ ಮಾಡ್ಯಾರ" ಎಂದೆ. ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಈಗ ಗುಳಿಗಿಗೆ ಜೀವ ಬಂತು!" ಎಂದರು. ಅಂದಿನಿಂದ ಬಾಟಲಿ ಮುಟ್ಟಿಲ್ಲ. ಕೃಷ್ಣವ್ವನೂ ಡಾಕ್ಟರು ಕೊಟ್ಟ ತಮ್ಮ ಗುಳಿಗೆಯನ್ನು ತಂದು ಅದ್ದಿಸಿಕೊಂಡು ಹೋಗುತ್ತಾರೆ. ಕಾಲಿನ ಬಾವು ಇಳಿದಿದೆ, ಸಕ್ಕರೆಯೂ ಇಳಿಯುತ್ತಿದೆ, ಕೀರ್ತಿ ಪೂರ್ತಿಯಾಗಿ ತಮ್ಮದಾಗಿದೆ. ನನ್ನ ವಿನಂತಿ ಈಗ ಒಂದೇ: ಬೈಲಹೊಂಗಲದಿಂದ ಯಾರಾದರೂ ವಿಚಾರಿಸಿದರೆ, ಹೌದು, ನಾವು ಗುಳಿಗೆ ಮಾಡುತ್ತೇವೆ ಎಂದು ತಾವು ಹೇಳಬೇಕು. ನಮ್ಮ ಮನೆಯಲ್ಲಿ ಪತ್ರಿಕೆ ಓದಿ ಹೇಳುವವಳು ನಾನೇ ಆದ್ದರಿಂದ ಈ ಪತ್ರ ನಾಳೆ ಯಾವುದಾದರೂ ಪತ್ರಿಕೆಯಲ್ಲಿ ಅಚ್ಚಾದರೂ ಅತ್ತೆಗೆ ತಿಳಿಯುವ ಚಿಂತೆಯಿಲ್ಲ.

ತಮ್ಮ ವಿಶ್ವಾಸಿ, ಆದರೆ ತಮ್ಮ ಬಾಟಲಿಯ ಬೆನ್ನ ಮೇಲಿನ ಬರಹದಲ್ಲಿ ವಿಶ್ವಾಸ ಕಳೆದುಕೊಂಡ,
ರೇಣು ಅಜಿತ
ಬೈಲಹೊಂಗಲ, ೨೦೦೯

ಮರೆತ ಮಾತು: ಗುಳಿಗೆಯ ಸುದ್ದಿ ಕೇಳಿದ ಕಾಡಪ್ಪ ಮಾವ, ಅದರ ಏಜೆನ್ಸಿ ಹಿಡಿಯಲು ಸೋಮವಾರದ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾರೆ. ಬಾಟಲಿಯ ಮೇಲೆ ಅಷ್ಟೆಲ್ಲ ಬರೆಯಬಲ್ಲ ತಮಗೆ ಇನ್ನೊಂದು ಸುಳ್ಳು ಭಾರವಾಗಲಾರದು. ಏಜೆನ್ಸಿಯನ್ನು ಆಗಲೇ ರಾಮದುರ್ಗದವರಿಗೆ ಕೊಟ್ಟುಬಿಟ್ಟೆವು ಎಂದುಬಿಡಿ. ಬೈಲಹೊಂಗಲದ ಪಾಲನ್ನೆಲ್ಲ ರಾಮದುರ್ಗದವರೇ ಹೊಡೆದುಕೊಳ್ಳುತ್ತಾರೆಂಬ ಹಳೆಯ ಸಿಟ್ಟು ಮಾವನಿಗಿದೆ; ಆ ಹೆಸರು ಹೇಳಿದರೆ ಅವರು ಏನನ್ನಾದರೂ ನಂಬುತ್ತಾರೆ.