ಬಂದೂಕಿನ ಬಣ್ಣ, ರೊಟ್ಟಿಯ ಹಂಚು

ಬಣ್ಣದ ಅಂಗಡಿ ಇಟ್ಟವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಜಗತ್ತಿನಲ್ಲಿ ಅವನಿಗೆ ಯಾವುದೂ ಬರಿಯ ಕೆಂಪಾಗಿ, ಬರಿಯ ಹಳದಿಯಾಗಿ ಕಾಣುವುದಿಲ್ಲ. ಮದುವೆಗೆ ಹೋದರೆ ವಧುವರರ ಮುಖ ನೋಡುವ ಮೊದಲು ಅವರ ಹಿಂದಿನ ಗೋಡೆಯನ್ನು ನೋಡುತ್ತಾನೆ. ಸಾವಿನ ಮನೆಗೆ ಹೋದರೂ ಬಾಗಿಲಿನ ಬಣ್ಣ ಹಪ್ಪಳದಂತೆ ಎದ್ದಿದೆಯಲ್ಲ ಎಂದು ಒಳಗೊಳಗೇ ಮರುಗುತ್ತಾನೆ. ಬೆಟಗೇರಿಯಲ್ಲಿ ಅಂಗಡಿ ತೆರೆದ ನನಗೂ ಈ ರೋಗ ಚೆನ್ನಾಗಿಯೇ ಬಲಿತಿದೆ. ನೇಕಾರರ ಊರಿನಲ್ಲಿ ಬಣ್ಣ ಮಾರುವುದು ಹುಡುಗಾಟವಲ್ಲ. ಗಿರಾಕಿ ಜೇಬಿನಿಂದ ಸೀರೆಯ ಒಂದು ಎಳೆ ತೆಗೆದು, "ಮಾಲಕ್ರ, ಗ್ವಾಡಿಗೆ ಇದ ಬಣ್ಣ ಬೇಕು ನೋಡ್ರಿ" ಎನ್ನುತ್ತಾನೆ. ನಾನು ಆ ಎಳೆಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಡಬ್ಬಿಗೆ ಅದಿಷ್ಟು ಇದಿಷ್ಟು ಸುರಿದು, ಕದಡಿ, ಅದೇ ಬಣ್ಣ ತೆಗೆದು ಕೊಡುತ್ತೇನೆ. ಯಾವ ಬಣ್ಣ ತಂದರೂ ತದ್ರೂಪ ಮಾಡಿಕೊಡುವವನು ಎಂಬ ಹೆಸರು ನನಗಿದೆ. ಅದನ್ನು ಎಲ್ಲರಿಗಿಂತ ಹೆಚ್ಚು ಹೇಳಿಕೊಂಡು ತಿರುಗಿದವನೂ ನಾನೇ. ಆ ಹೆಮ್ಮೆಯೇ ಈ ವರ್ಷ ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯನ್ನು ನಿಲ್ಲಿಸಿತು.

ಇದೆಲ್ಲ ಶುರುವಾದದ್ದು ಒಂದು ಬಂದೂಕಿನಿಂದ. ಹೆದರಬೇಡಿ, ಅದು ಗುಂಡು ಹಾರಿಸುವುದನ್ನು ಬಿಟ್ಟು ಬಹಳ ಕಾಲವಾಗಿದೆ. ನನ್ನ ಮಾವನವರು ಹರ್ತಿಯವರು, ಸೈನ್ಯದಲ್ಲಿ ಬಂದೂಕು ದುರಸ್ತಿ ಮಾಡುವ ವಿಭಾಗದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು. ಅವರೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಅವರ ಹಳೆಯ ಸಂಗಾತಿಗಳೂ ಸೇರಲು ಬೆಟಗೇರಿಯಲ್ಲಿ ಒಂದು ಕೋಣೆ ಇಟ್ಟುಕೊಂಡಿದ್ದಾರೆ. ಅಲ್ಲಿ ಗೋಡೆಗೆ ಒಂದು ಹಳೆಯ ತ್ರೀ ನಾಟ್ ತ್ರೀ ರೈಫಲ್ ಇದೆ. ನಳಿಗೆಯೊಳಗೆ ಸೀಸ ಎರೆದು, ಬೆಸುಗೆ ಹಾಕಿ, ನೋಡಲಿಕ್ಕೆ ಮಾತ್ರ ಎಂದು ಸೈನ್ಯದವರೇ ಕೊಟ್ಟದ್ದು. ಯಾರೋ ಉತ್ಸಾಹಿಗಳು ಅದರ ಕಬ್ಬಿಣಕ್ಕೆಲ್ಲ ಗೇಟಿಗೆ ಬಳಿಯುವ ಬೆಳ್ಳಿ ಬಣ್ಣ, ಕಟ್ಟಿಗೆಗೆ ಚಾಕೊಲೇಟ್ ಬಣ್ಣ ಬಳಿದಿದ್ದರು. ಈ ಸಲ ಗಾಜಿನ ಪೆಟ್ಟಿಗೆ ಮಾಡಿಸಿ, ಆಗಸ್ಟಿನ ಧ್ವಜಾರೋಹಣದ ಹೊತ್ತಿಗೆ ಬಂದೂಕನ್ನು ಅದರ ಮೂಲ ಬಣ್ಣದಲ್ಲಿ ಇಡಬೇಕೆಂದು ಹಿರಿಯರು ತೀರ್ಮಾನಿಸಿದರು. "ನಮ್ಮ ಅಳಿಯಂದ್ರು ಅದಾರಲ್ಲ" ಎಂದರು ಮಾವನವರು. ಅವರ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದದ್ದು ಅಪರೂಪ. ನಾನು ಕೂಡಲೇ ಒಪ್ಪಿಕೊಂಡೆ.

ಮೂಲ ಬಣ್ಣ ಯಾವುದು ಎಂದು ಕೇಳಿದ್ದೇ ತಪ್ಪಾಯಿತು. "ಕರ್ರಗ ಇರ್ತಿತ್ತು. ಬಿಸಲಿಗೆ ಹಿಡದ್ರ ಮಾತ್ರ ನೀಲಿ ಹೊಡೀತಿತ್ತು" ಎಂದರು ಮಾವನವರು. ಲಕ್ಷ್ಮೇಶ್ವರದ ಹವಾಲ್ದಾರ ಇಮಾಮಸಾಬರು ತಲೆ ಅಲ್ಲಾಡಿಸಿದರು. "ಸಾಬ್ರ, ಅದು ನಿಮ್ಮ ಕಾಲದ್ದು. ನಮ್ಮ ಕೈಗೆ ಬರೂದ್ರಾಗ ಅದಕ್ಕ ಕರೇ ಪೇಂಟ್ ಹೊಡದು ಕಾಸಿದ್ರು. ಖರೆ ಹೇಳ್ತೀನಿ, ಇದ್ದಲಿ ಇದ್ದಂಗ ಇತ್ತು." ಮುಂಡರಗಿಯ ಇನ್ನೊಬ್ಬ ಹಿರಿಯರು ಎರಡನ್ನೂ ಅಲ್ಲಗಳೆದು, ಬೂದಿಯಲ್ಲಿ ಚೂರು ಹಸಿರು ಬೆರೆಸಿದಂಥ ಬಣ್ಣ ಎಂದರು. ಚಹ ಆರಿತು, ಮಿರ್ಚಿ ಭಜಿ ತಣ್ಣಗಾಯಿತು, ಮೂವರಲ್ಲಿ ಒಬ್ಬರೂ ಸೋಲಲಿಲ್ಲ. ನಾನು ಒಂದು ಮೂಲೆಯಲ್ಲಿ ಬೆಳ್ಳಿ ಬಣ್ಣವನ್ನು ಕೆರೆದು ನೋಡಿದೆ. ಕೆಳಗೆ ಇದ್ದಲಿನ ಕಪ್ಪು ಇತ್ತು. ಅದರ ಕೆಳಗೆ ಬೂದಿ ಹಸಿರು. ಅದಕ್ಕೂ ಕೆಳಗೆ, ಉಗುರಿನಷ್ಟು ಜಾಗದಲ್ಲಿ, ಏನೋ ನೀಲಿಯ ಛಾಯೆ. ಬಂದೂಕು ಕಾರ್ಖಾನೆಗೆ ದುರಸ್ತಿಗೆ ಹೋದಾಗಲೆಲ್ಲ ಹೊಸ ಅಂಗಿ ತೊಟ್ಟು ಬಂದಿತ್ತು, ಪ್ರತಿಯೊಬ್ಬರೂ ತಾವು ಕಂಡ ಅಂಗಿಯನ್ನೇ ಹೇಳುತ್ತಿದ್ದರು. ಎಲ್ಲರೂ ಗೆದ್ದದ್ದರಿಂದ ಎಲ್ಲರೂ ಖುಷಿಯಾದರು. ಎಲ್ಲಕ್ಕಿಂತ ಒಳಗಿನದೇ ಮೂಲ ಎಂದು ಮಾವನವರ ನೀಲಿಗಪ್ಪಿಗೆ ಒಪ್ಪಿಗೆ ಸಿಕ್ಕಿತು.

ಆದರೆ ಉಗುರಿನಷ್ಟು ಜಾಗ ನೋಡಿ ಬಣ್ಣ ಹಿಡಿಯುವುದು ಹೇಗೆ? ಅಂಗಡಿಯ ಶೇಡ್ ಕಾರ್ಡು ತೋರಿಸಿದೆ. ಮಾವನವರು ಒಂದೊಂದೇ ಕಪ್ಪಿನ ಮೇಲೆ ಬೆರಳಿಟ್ಟು, "ಇದು ಅಲ್ಲ", "ಇದು ಛತ್ರಿ ಬಣ್ಣ", "ಇದು ಎಮ್ಮಿ" ಎನ್ನುತ್ತ ಕಾರ್ಡನ್ನೇ ಮುಗಿಸಿಬಿಟ್ಟರು. ಒಂದು ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ಹೆಂಡತಿ ಗಿರಿಜಾ ಕೊನೆಯ ರೊಟ್ಟಿ ಸುಟ್ಟು, ಹಂಚನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಒಯ್ದಳು. ಬಿಸಿಲು ಹಂಚಿನ ಮೇಲೆ ಬಿತ್ತು. ಮಾವನವರು ಬಾಯಲ್ಲಿನ ತುತ್ತನ್ನು ಹಾಗೇ ನಿಲ್ಲಿಸಿ, ಎಡಗೈ ಎತ್ತಿ ಕೂಗಿದರು: "ಇದ! ಇದ ನೋಡ್ರಿ ಅಳಿಯಂದ್ರ, ಇದ ಬಣ್ಣ!"

ಆ ಹಂಚು ನನ್ನ ಅತ್ತೆಯದು. ಅವರು ತೀರಿಕೊಂಡ ಮೇಲೆ ಗಿರಿಜಾ ತವರಿನಿಂದ ಬೇಡಿ ತಂದದ್ದು ಅದೊಂದನ್ನೇ. ಅದರ ಮೇಲೆ ಅವಳು ಸೋಪು ತಾಗಿಸುವುದಿಲ್ಲ, ದೋಸೆ ಹುಯ್ಯುವುದಿಲ್ಲ, ನೆರೆಮನೆಯವರಿಗೆ ಕೊಡುವುದಿಲ್ಲ. ನಾನು ಮಾದರಿಗೆಂದು ಕೇಳಿದಾಗ ಅವಳು ನನ್ನನ್ನೂ ಹಂಚನ್ನೂ ಒಮ್ಮೆ ನೋಡಿ, "ಒಯ್ಯಿರಿ. ಆದ್ರ ಹೆಂಗ ಒಯ್ತೀರಿ ಹಂಗ ತಂದು ಕೊಡಬೇಕು. ಅವ್ವನ ಕೈ ಐತಿ ಅದರಾಗ" ಎಂದಳು. ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ. ಎದೆ ತಟ್ಟಿಕೊಳ್ಳುವಾಗ ಮನುಷ್ಯನ ತಲೆ ಕೆಲಸ ಮಾಡುವುದಿಲ್ಲ ಎಂದು ಕಾಣುತ್ತದೆ.

ಅಂಗಡಿಯಲ್ಲಿ ಬಣ್ಣ ಓದುವ ಯಂತ್ರದ ಕೆಳಗೆ ಹಂಚಿಟ್ಟೆ. ಒಮ್ಮೆ ಬದನೆಕಾಯಿ ಬಣ್ಣ ಎಂದಿತು, ಇನ್ನೊಮ್ಮೆ ಹಸಿರು ಎಂದಿತು, ಮೂರನೆಯ ಸಲ ಸುಮ್ಮನಾಯಿತು. ಇದು ಡಬ್ಬಿಯಲ್ಲಿ ಸಿಗುವ ಬಣ್ಣವಲ್ಲ, ಕಬ್ಬಿಣಕ್ಕೇ ಬರಬೇಕಾದ ಬಣ್ಣ ಎಂದು ಖಾತ್ರಿಯಾಯಿತು. ಬಂದೂಕಿನ ಕಟ್ಟಿಗೆಯನ್ನು ನಾನೇ ಇಟ್ಟುಕೊಂಡು, ಚಾಕೊಲೇಟ್ ಕೆರೆದು, ಅಗಸೆ ಎಣ್ಣೆ ತಿಕ್ಕಿದೆ. ಅದು ಹಳೆಯ ಬೆಲ್ಲದಂತೆ ಕೆಂಪಗೆ ಹೊಳೆಯಿತು, ಮನಸ್ಸು ಉಬ್ಬಿತು. ಆ ಉಬ್ಬಿನಲ್ಲೇ ಬಂದೂಕಿನ ಕಬ್ಬಿಣದ ಭಾಗಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ಹಾಕಿ, ನೋಡಿಕೊಂಡು ಮಾಡಲಿ ಎಂದು ಹಂಚನ್ನೂ ಅದರಲ್ಲೇ ಇಟ್ಟು, ಕಬ್ಬಿಣಕ್ಕೆ ಪಾಲಿಶ್ ಮಾಡುವ ನಿಂಗಪ್ಪನ ವರ್ಕ್‌ಶಾಪಿಗೆ ಕಳಿಸಿದೆ. ಫೋನಿನಲ್ಲಿ ಹೇಳಿದೆ: "ನಿಂಗಪ್ಪ, ಮೊದಲ ಚೀಲದಾಗಿಂದೆಲ್ಲಾ ತಿಕ್ಕಿ ಬೆಳ್ಳಗ ಮಾಡು. ಬಣ್ಣದ ಮಾತು ಆಮ್ಯಾಲೆ ಬಂದು ಹೇಳ್ತೀನಿ." ಹಂಚಿನ ಮಾತನ್ನೂ ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ನಿಂಗಪ್ಪ ಹೇಳಿದ ಕೆಲಸ ಮಾಡುವ ಮನುಷ್ಯ. ನಾನು ಹೋದಾಗ ಬೆಂಚಿನ ಮೇಲೆ ಎಲ್ಲವೂ ಸಾಲಾಗಿ ಹೊಳೆಯುತ್ತಿದ್ದವು. ನಳಿಗೆ, ಹಿಡಿಕೆಯ ತಗಡು, ಪಟ್ಟಿಗಳು, ಕೊನೆಯಲ್ಲಿ ಗುಂಡಗೆ, ಹುಣ್ಣಿಮೆಯಂತೆ, ನಮ್ಮತ್ತೆಯ ಹಂಚು. "ಈ ಗುಂಡಂದು ಭಾಳ ಕಾಡ್ತು ನೋಡ್ರಿ" ಎಂದು ನಿಂಗಪ್ಪ ಹೆಮ್ಮೆಯಿಂದ ಬೆವರು ಒರೆಸಿಕೊಂಡ. "ಎಷ್ಟು ವರ್ಷದ ಕರಿ ಕುಂತಿತ್ತೋ ಏನೋ! ಇದು ಬಂದೂಕಿನ್ಯಾಗ ಎಲ್ಲಿ ಕೂಡ್ತದರಿ?" ಮಾದರಿಯೂ ಹೋಗಿತ್ತು, ಮಾತೂ ಹೋಗಿತ್ತು, ಅತ್ತೆಯ ಕೈಯೂ ಹೋಗಿತ್ತು.

ಗಿರಿಜಾ ಬೈಯುತ್ತಾಳೆ ಎಂದುಕೊಂಡು ಮನೆಗೆ ಹೋದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಹಂಚನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ನನ್ನ ಮುಖ ಕಾಣಾಕತ್ತೈತಿ" ಎಂದಳು. ಅಷ್ಟೇ. ಮರುದಿನ ಅದರ ಮೇಲೆ ರೊಟ್ಟಿ ಹಾಕಿದಳು. ರೊಟ್ಟಿ ಹಂಚನ್ನು ಅಪ್ಪಿಕೊಂಡು ಏಳಲೇ ಇಲ್ಲ. ಅಂದಿನಿಂದ ನನಗೆ ಮೂರು ಹೊತ್ತೂ ಅಂಟದ ತವೆಯ ಚಪಾತಿ. ನಮ್ಮ ಕಡೆ ಚಪಾತಿಯೆಂದರೆ ನೆಂಟರಿಗೆ, ಇಲ್ಲವೇ ವೈದ್ಯರು ಹೆದರಿಸಿದವರಿಗೆ. ನಾನು ಎರಡೂ ಅಲ್ಲದವನು, ತಲೆ ತಗ್ಗಿಸಿ ತಿಂದೆ. ಅವಳು ಅದನ್ನು ಬಡಿಸುವಾಗ ತೋರಿಸುತ್ತಿದ್ದ ಮರ್ಯಾದೆಯೇ ನನ್ನನ್ನು ಹೆಚ್ಚು ಸುಡುತ್ತಿತ್ತು.

ಸುದ್ದಿ ಹರ್ತಿಗೆ ಮುಟ್ಟಿತು. ಮಾವನವರು ಇಮಾಮಸಾಬರನ್ನೂ ಕರೆದುಕೊಂಡು ಬಂದಿಳಿದರು. ನಾನು ಬಾಗಿಲಲ್ಲಿ ಅಪರಾಧಿಯಂತೆ ನಿಂತೆ. ಅವರು ಹಂಚನ್ನು ತಿರುವಿ ನೋಡಿದರು, ಮೀಸೆ ಅದುರಿತು. ಅಳುತ್ತಾರೇನೋ ಎಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಲೇ ಗಿರಿಜಾ, ನಿಮ್ಮವ್ವ ಮದುವಿಯಾಗಿ ಬಂದಾಗ ಈ ಹಂಚು ಹಿಂಗ ಇತ್ತು ನೋಡು! ಹೊಸಾದು, ಬೆಳ್ಳಗ. ರೊಟ್ಟಿ ಏಳವಲ್ದು, ಆಕಿ ಅಳಾಕತ್ತಾಳ. ನಾ ರಜಾದಾಗ ಬಂದಿದ್ದೆ. ಬಂದೂಕಿನ ಸಣ್ಣ ಸಾಮಾನಿಗೆ ನಾವು ಏನು ಮಾಡ್ತಿದ್ವಿ, ಅದನ್ನ ಇದಕ್ಕ ಮಾಡಿದೆ. ಕಾಸೂದು, ಅಗಸಿ ಎಣ್ಣಿ ಹಚ್ಚೂದು, ಮತ್ತ ಕಾಸೂದು." ಗಿರಿಜಾ ಕಣ್ಣು ಅರಳಿಸಿದಳು. "ಅಂದ್ರ ಈ ಬಣ್ಣ ಅವ್ವಂದಲ್ಲ, ನಿಮ್ಮದ?" "ಹಚ್ಚಿದ್ದು ನಾನು. ಉಳಿಸಿದ್ದು ಆಕಿ" ಎಂದರು ಮಾವನವರು.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹತ್ತಿಕಟ್ಟಿಗೆಯ ಬೆಂಕಿ ಹಾಕಿದೆವು. ಮಾವನವರು ನಾನು ನಿಂಗಪ್ಪನಲ್ಲಿಂದ ತಂದಿಟ್ಟಿದ್ದ ಬಂದೂಕಿನ ಸಾಮಾನಿನಲ್ಲಿ ಒಂದು ಪಟ್ಟಿಯನ್ನು ಇಕ್ಕಳಕ್ಕೆ ಸಿಕ್ಕಿಸಿದ್ದರು. ಗಿರಿಜಾ ಅದನ್ನು ಅವರ ಕೈಯಿಂದ ತೆಗೆದು ಕೆಳಗಿಟ್ಟಳು. "ಮೊದಲ ಹಂಚು. ಬಂದೂಕು ಇಲ್ಲಂತ ಯಾರೂ ಉಪವಾಸ ಬಿದ್ದಿಲ್ಲ." ಸುಬೇದಾರರು ಮಗಳ ಹುಕುಮಿಗೆ ನೆಟ್ಟಗೆ ನಿಂತು, "ಆತವ್ವ" ಎಂದರು. ಅವಳು ಅರಿವೆಯಲ್ಲಿ ಎಣ್ಣೆ ಅದ್ದಿ ತಿಕ್ಕುವಳು, ಅವರು ಕಾಸುವರು, ಇಮಾಮಸಾಬರು ದೂರದಿಂದ ಹಿಡಿದು ನೋಡಿ ತೀರ್ಪು ಕೊಡುವರು. ಹೊಗೆ ಓಣಿ ತುಂಬಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಏನು ಸುಟ್ಟೈತ್ರಿ?" ಎಂದರು. "ನಮ್ಮ ಮನಿಯವರ ಮಾರಿ" ಎಂದಳು ಗಿರಿಜಾ ನನ್ನ ಮುಖದ ಕಡೆ ಕೈ ಮಾಡಿ, ಮತ್ತು ಎಷ್ಟೋ ದಿನಗಳ ಮೇಲೆ ನಕ್ಕಳು. ನನಗೆ ಕಟ್ಟಿಗೆ ಮುರಿಯುವ ಕೆಲಸ ಮಾತ್ರ ಸಿಕ್ಕಿತ್ತು. ಆ ನಗೆ ಕೇಳಿ ಬೇಕಾದದ್ದಕ್ಕಿಂತ ಹೆಚ್ಚೇ ಮುರಿದೆ. ಬೆಳ್ಳಗಿದ್ದದ್ದು ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ, ಆಮೇಲೆ ಕಪ್ಪಿಗೆ ತಿರುಗಿತು. ಕೊನೆಗೆ ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಹೊಡೆಯಿತು. ನಾಲ್ವರೂ ಒಟ್ಟಿಗೆ ಕೂಗಿಕೊಂಡೆವು. ಆಮೇಲೆ ಬಂದೂಕಿನ ಸರದಿ. ಸಣ್ಣ ಸಾಮಾನು ಚೆಂದವಾಗಿ ಬಂದವು. ಉದ್ದದ ನಳಿಗೆ ಮಾತ್ರ ಕೆಲವು ಕಡೆ ಇದ್ದಲಿನ ಕಪ್ಪಾಗಿ, ಕೆಲವು ಕಡೆ ಬೂದಿಯಾಗಿ ಉಳಿಯಿತು. ಅದನ್ನು ನೋಡಿ ಇಮಾಮಸಾಬರು, "ಎಲ್ಲಾರ ಕಾಲದ್ದೂ ಬಂದೈತಿ, ಹಿಂಗ ಇರ್ಲಿ ಸಾಬ್ರ" ಎಂದು ನಗುತ್ತ ಕೈ ತೊಳೆದುಕೊಂಡರು.

ಅಂದೇ ರೊಟ್ಟಿ ಬಡಿಯುವ ಸದ್ದು ಮನೆಯಲ್ಲಿ ಮತ್ತೆ ಕೇಳಿತು. ಮೊದಲನೆಯದು ಉಬ್ಬಿ, ಹಗುರಾಗಿ ಎದ್ದು ಬಂತು. ಅದು ಮಾವನವರಿಗೆ ಹೋಯಿತು, ಎರಡನೆಯದು ಇಮಾಮಸಾಬರಿಗೆ. ನಾನು ತಟ್ಟೆ ಹಿಡಿದು ಕುಳಿತಿದ್ದೆ. ಗಿರಿಜಾ ಮೂರನೆಯ ರೊಟ್ಟಿಯನ್ನು ಕೈಯಲ್ಲೇ ಹಿಡಿದು, ಒಲೆಯ ಮೇಲಿನ ಹಂಚಿನ ಕಡೆ ಗದ್ದ ಮಾಡಿ ಕೇಳಿದಳು: "ಬಣ್ಣದ ಮಾಲಕ್ರ, ಹೇಳ್ರಿ ನೋಡೂಣು. ಇದು ಯಾವ ಬಣ್ಣ?" ನೀಲಿಗಪ್ಪು ಎಂದು ನಾಲಿಗೆಯ ತುದಿಗೆ ಬಂದಿತ್ತು, ಅದರಲ್ಲಿ ಎಷ್ಟು ನೀಲಿ ಎಂಬುದೂ ಬಂದಿತ್ತು. ರೊಟ್ಟಿಯಿಂದ ಹಬೆ ಏಳುತ್ತಿತ್ತು. "ನೀ ಏನಂತೀಯೋ ಆ ಬಣ್ಣ" ಎಂದೆ. ರೊಟ್ಟಿ ತಟ್ಟೆಗೆ ಬಿತ್ತು, ಮೇಲೊಂದು ಬೆಣ್ಣೆಯ ಉಂಡೆಯೂ ಬಿತ್ತು. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಇಷ್ಟು ಕರಾರುವಾಕ್ಕಾಗಿ ಬಣ್ಣ ಗುರುತಿಸಿದ್ದು ಅದೇ ಮೊದಲು.